ಎಕನಾಮಿಕ್ಸಾ, ಕಮ್ಯುನಿಕೇಶನ್ನಾ? ಕೊಡಗಲ್ಲಿ ಕೂತು ಡಿಸ್ಟೆನ್ಸ್ ಬಿಎ ಮಾಡೋರಿಗೆ

ಮೊನ್ನೆ ಚಿಕ್ಕಮ್ಮನ ಮಗಳು ಫೋನ್ ಮಾಡಿದ್ಲು. "ಅಕ್ಕ, ಡಿಸ್ಟೆನ್ಸಲ್ಲಿ ಬಿಎ ಸೇರ್ತಾ ಇದೀನಿ, ಎಕನಾಮಿಕ್ಸ್ ತಗೊಳ್ಳಾ ಇಲ್ಲ ಕಮ್ಯುನಿಕೇಶನ್ ತಗೊಳ್ಳಾ, ಯಾವ್ದು ಈಸಿ ಹೇಳು" ಅಂದ್ಲು. ಅವಳು ಪಿಯುಸಿ ಮುಗಿಸಿ ಎರಡು ವರ್ಷ ಆಯ್ತು, ಈಗ ಕುಶಾಲನಗರದಲ್ಲಿ ಒಂದು ಅಂಗಡಿಲಿ ಬಿಲ್ಲಿಂಗಲ್ಲಿದಾಳೆ, ಬೆಳಿಗ್ಗೆ ಒಂಬತ್ತಕ್ಕೆ ಹೋದ್ರೆ ರಾತ್ರಿ ಎಂಟಕ್ಕೆ ಬರೋದು. ಫೋನಲ್ಲಿ ಎರಡು ಮಾತಲ್ಲಿ ಹೇಳಿ ಮುಗಿಸೋ ವಿಷಯ ಅಲ್ಲ ಇದು, ಬರೆದು ಕಳಿಸ್ತೀನಿ ಇರು ಅಂದೆ, ಬರೀತಾ ಬರೀತಾ ಉದ್ದ ಆಯ್ತು, ಇನ್ನೂ ಇಂಥ ಪ್ರಶ್ನೆ ಇಟ್ಕೊಂಡಿರೋರು ನಮ್ಮ ಜಿಲ್ಲೆಲಿ ತುಂಬಾ ಜನ ಇದಾರೆ ಅಂತ ಇಲ್ಲೇ ಹಾಕ್ತಿದೀನಿ.

ನನ್ ಬಗ್ಗೆ ಒಂಚೂರು. ಅಪ್ಪ ಸುಂಟಿಕೊಪ್ಪ ಹತ್ರ ಒಂದು ಎಸ್ಟೇಟಲ್ಲಿ ರೈಟರ್ (ಲೆಕ್ಕಪತ್ರ ಬರೆಯೋರು) ಆಗಿದ್ರು, ನಾನು ಕೆಲಸ ಮಾಡ್ಕೊಂಡೇ ಡಿಸ್ಟೆನ್ಸಲ್ಲಿ ಎಕನಾಮಿಕ್ಸ್ ಮಾಡಿದೋಳು. ಗೋಣಿಕೊಪ್ಪದ ನನ್ ಫ್ರೆಂಡ್ ಒಬ್ಬಳು ಅದೇ ಟೈಮಲ್ಲಿ ಜರ್ನಲಿಸಂ ತಗೊಂಡ್ಲು. ಇಬ್ರೂ ಪುಸ್ತಕ ಬದಲಾಯಿಸ್ಕೊಂಡು ಓದ್ತಿದ್ವಿ, ಅವಳ ಅಸೈನ್‌ಮೆಂಟ್ ನಾನು ನೋಡ್ತಿದ್ದೆ ನಂದು ಅವಳು ನೋಡ್ತಿದ್ಲು, ಹಾಗಾಗಿ ಎರಡೂ ಕಡೆ ಏನಿದೆ ಅಂತ ಹತ್ತಿರದಿಂದ ನೋಡಿದೀನಿ. ಕಮ್ಯುನಿಕೇಶನ್ ಅಂದ್ರೆ ಇಲ್ಲಿ ಜರ್ನಲಿಸಂ, ಮಾಸ್ ಕಮ್ಯುನಿಕೇಶನ್, ಡಿಜಿಟಲ್ ಮೀಡಿಯಾ ಎಲ್ಲ ಸೇರಿಸಿ ಹೇಳ್ತಿದೀನಿ, ಒಂದೊಂದು ಯುನಿವರ್ಸಿಟಿಲಿ ಒಂದೊಂದು ಹೆಸರು.

ಮೊದ್ಲು ಗಂಟೆ ಲೆಕ್ಕ

ಸಬ್ಜೆಕ್ಟ್ ಯಾವ್ದು ಅನ್ನೋದಕ್ಕಿಂತ ಮುಂಚೆ ಇದನ್ನ ನೋಡ್ಬೇಕು. ಇಗ್ನೋದಲ್ಲಿ (ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿವಿ) ಒಂದು ಕ್ರೆಡಿಟ್ ಅಂದ್ರೆ 30 ಗಂಟೆ ಓದು ಅಂತ ಲೆಕ್ಕ. ಪುಸ್ತಕ ಓದೋದು, ವಿಡಿಯೋ ನೋಡೋದು, ಅಸೈನ್‌ಮೆಂಟ್ ಬರೆಯೋದು ಎಲ್ಲ ಸೇರಿ. 6 ಕ್ರೆಡಿಟ್ ಪೇಪರ್ ಒಂದಕ್ಕೆ 180 ಗಂಟೆ ಆಯ್ತು. ವರ್ಷಕ್ಕೆ 40 ಕ್ರೆಡಿಟ್ ಅಂತ ಇಟ್ಕೊಂಡ್ರೆ 1200 ಗಂಟೆ, ಅಂದ್ರೆ ಭಾನುವಾರ, ಹಬ್ಬ, ಮದುವೆ ಯಾವ್ದೂ ಬಿಡದೆ ದಿನಕ್ಕೆ 3 ಗಂಟೆ ಮೇಲೆ. ಡಿಸ್ಟೆನ್ಸ್ ಅಂದ್ರೆ ಪರೀಕ್ಷೆಗೆ ಹದಿನೈದು ದಿನ ಮುಂಚೆ ಓದಿದ್ರೆ ಸಾಕು ಅಂತ ಯಾರಾದ್ರೂ ಹೇಳಿದ್ರೆ ದಯವಿಟ್ಟು ನಂಬಬೇಡಿ, ಪಾಸೇನೋ ಆಗ್ಬಹುದು, ಡಿಗ್ರಿ ಕೈಗೆ ಬಂದ್ಮೇಲೆ ತಲೇಲಿ ಏನೂ ಉಳಿದಿರಲ್ಲ. ಪೂರ್ತಿ 3 ಗಂಟೆ ಸಿಗದಿದ್ರೂ ಒಂದೂವರೆ ಗಂಟೆ ದಿನಾ ತಪ್ಪದೆ ಸಿಗುತ್ತಾ ಅಂತ ನೋಡ್ಕೊಳ್ಳಿ, ಯಾಕಂದ್ರೆ ಈ ಎರಡು ಸಬ್ಜೆಕ್ಟಿಗೆ ಬೇಕಾಗೋ ಟೈಮು ಬೇರೆ ಬೇರೆ ತರದ್ದು. ಎಕನಾಮಿಕ್ಸಿಗೆ ದಿನಾ ಒಂದಿಷ್ಟು ಬೇಕು, ಬಿಟ್ರೆ ಹಿಂದಿನದು ಮರೆತುಹೋಗುತ್ತೆ. ಕಮ್ಯುನಿಕೇಶನ್ನಿಗೆ ವಾರಕ್ಕೊಂದು ಪೂರ್ತಿ ಅರ್ಧ ದಿನ ಬೇಕು, ಹೊರಗಡೆ ಹೋಗಿ ಜನರ ಹತ್ರ ಮಾತಾಡಿ ಬಂದು ಕೂತು ಬರೆಯೋಕೆ. ನಿಮಗೆ ಯಾವ ತರದ ಟೈಮು ಸಿಗುತ್ತೆ ಅನ್ನೋದರಲ್ಲೇ ಅರ್ಧ ಉತ್ತರ ಇದೆ ಅಂತ ನನಗನ್ಸುತ್ತೆ.

ಎಕನಾಮಿಕ್ಸ್ ಓದೋದು ಅಂದ್ರೆ

ಇದು ಮೆಟ್ಟಿಲು ಹತ್ತೋ ತರದ ಸಬ್ಜೆಕ್ಟು. ಬೇಡಿಕೆ ಪೂರೈಕೆ ಸರಿಯಾಗಿ ಗೊತ್ತಾಗದೆ ಸ್ಥಿತಿಸ್ಥಾಪಕತ್ವ (ಬೆಲೆ ಬದಲಾದ್ರೆ ಬೇಡಿಕೆ ಪೂರೈಕೆ ಎಷ್ಟು ಬದಲಾಗುತ್ತೆ ಅನ್ನೋದು) ಗೊತ್ತಾಗಲ್ಲ, ಅದು ಗೊತ್ತಾಗದೆ ಮಾರ್ಕೆಟ್ ಚಾಪ್ಟರ್ ಗೊತ್ತಾಗಲ್ಲ, ಮೈಕ್ರೋ (ಒಬ್ಬ ಗ್ರಾಹಕ, ಒಂದು ಮಾರ್ಕೆಟ್ ಲೆಕ್ಕ) ಗಟ್ಟಿ ಇಲ್ದೆ ಮ್ಯಾಕ್ರೋಗೆ (ಇಡೀ ದೇಶದ ಲೆಕ್ಕ) ಹೋದ್ರೆ ಬರೀ ಬಾಯಿಪಾಠ. ನಾನು ಮೊದಲ ವರ್ಷ ಸ್ಥಿತಿಸ್ಥಾಪಕತ್ವದ ಹತ್ರ ಮೂರು ವಾರ ನಿಂತುಬಿಟ್ಟಿದ್ದೆ. ಆ ಪದಾನೇ ಬಾಯಲ್ಲಿ ಹೊರಳ್ತಿರಲಿಲ್ಲ, ಇಂಗ್ಲಿಷ್ ಪುಸ್ತಕದಲ್ಲಿ ಎಲಾಸ್ಟಿಸಿಟಿ ಅಂತಿತ್ತು, ಕನ್ನಡ ಗೈಡಲ್ಲಿ ಸ್ಥಿತಿಸ್ಥಾಪಕತ್ವ, ಎರಡೂ ಒಂದೇ ಅಂತ ಗೊತ್ತಾಗೋಕೇ ಎರಡು ದಿನ. ಸ್ಟಡಿ ಸೆಂಟರಲ್ಲಿ ಆ ಪೇಪರಿಗೆ ಕ್ಲಾಸ್ ಇದೆ ಅಂತ ಬೋರ್ಡಲ್ಲಿ ಹಾಕಿದ್ರು, ಎರಡು ಭಾನುವಾರ ಬಸ್ಸಲ್ಲಿ ಹೋದೆ, ಎರಡು ಸಲನೂ ಹೇಳಿಕೊಡೋರು ಯಾರೂ ಬಂದಿರಲಿಲ್ಲ. ಬೇಜಾರಾಗಿ ಅಳು ಬಂದಿತ್ತು ನಿಜ ಹೇಳ್ಬೇಕಂದ್ರೆ.

ಕೊನೆಗೆ ಬಿಡಿಸಿ ಹೇಳಿದ್ದು ಅಪ್ಪ, ಅವರು ಹತ್ತನೇ ಕ್ಲಾಸ್ ಓದಿದೋರು. ಕಾಫಿ ರೇಟು ಏರಿತು ಅಂತ ಈ ವರ್ಷ ಜಾಸ್ತಿ ಕಾಫಿ ಬೆಳೆಯೋಕಾಗುತ್ತಾ ಅಂತ ಕೇಳಿದ್ರು. ಆಗಲ್ಲ, ಗಿಡ ನೆಟ್ರೆ ಫಸಲು ಕಾಣೋಕೆ ಮೂರು ನಾಲ್ಕು ವರ್ಷ ಬೇಕು, ಇರೋ ಗಿಡದಲ್ಲೂ ಮಾರ್ಚಲ್ಲಿ ಹೂಮಳೆ ಬಂದಷ್ಟೇ ಕಾಯಿ. ರೇಟು ಎಷ್ಟೇ ಆದ್ರೂ ಮಾಲು ತಕ್ಷಣ ಜಾಸ್ತಿ ಆಗಲ್ಲ, ಅದಕ್ಕೇ ಎಲ್ಲೋ ಸ್ವಲ್ಪ ಕಮ್ಮಿ ಬಿದ್ರೆ ರೇಟು ಹುಚ್ಚಾಪಟ್ಟೆ ಏರೋದು, ಸ್ವಲ್ಪ ಜಾಸ್ತಿ ಆದ್ರೆ ಬಿದ್ದುಹೋಗೋದು. 2021ರ ಜುಲೈನಲ್ಲಿ ಬ್ರೆಜಿಲಲ್ಲಿ ಇಬ್ಬನಿ ಹೆಪ್ಪುಗಟ್ಟಿ (ಫ್ರಾಸ್ಟ್) ಅರೇಬಿಕಾ ಕಾಫಿ ರೇಟು ಏರಿದ್ದು, 2024ರಲ್ಲಿ ವಿಯೆಟ್ನಾಂ ಬರಗಾಲದಿಂದ ಇನ್ನೊಂದು ಜಾತಿ ಕಾಫಿ ರೋಬಸ್ಟಾ ಹಿಂದೆಂದೂ ಕಾಣದ ರೇಟಿಗೆ ಹೋಗಿದ್ದು ಎಲ್ಲ ಇದೇ ಚಾಪ್ಟರು. ಪುಸ್ತಕದಲ್ಲಿ ಪೆನ್ನು, ಪೆನ್ಸಿಲ್, ಐಸ್‌ಕ್ರೀಂ ಉದಾಹರಣೆ ಕೊಟ್ಟಿರ್ತಾರೆ. ನೀವು ಅದನ್ನ ತೆಗೆದು ಪಕ್ಕಕ್ಕಿಟ್ಟು ನಿಮ್ಮ ತೋಟದ ಉದಾಹರಣೆ ಹಾಕ್ಕೊಂಡು ಓದಿ.

ಕೊಡಗಿನೋರಿಗೆ ಎಕನಾಮಿಕ್ಸಲ್ಲಿ ಇರೋ ದೊಡ್ಡ ಅನುಕೂಲ ಇದು, ಯಾರೂ ಹೇಳಲ್ಲ. ದೇಶದ ಕಾಫಿಲಿ ಹೆಚ್ಚುಕಮ್ಮಿ ಮೂರನೇ ಒಂದು ಭಾಗ ನಮ್ಮ ಒಂದು ಜಿಲ್ಲೆಯಿಂದ ಬರುತ್ತೆ, ಅದರ ರೇಟು ನಿಂತಿರೋದು ಲಂಡನ್ ಮತ್ತು ನ್ಯೂಯಾರ್ಕ್ ಮಾರ್ಕೆಟಲ್ಲಿ, ಡಾಲರ್ ಏರಿದ್ರೆ ಇಳಿದ್ರೆ ಸಿದ್ದಾಪುರದ ವ್ಯಾಪಾರಿ ಬೋರ್ಡಲ್ಲಿ ಬದಲಾಗುತ್ತೆ. ವಿನಿಮಯ ದರ ಅನ್ನೋ ಚಾಪ್ಟರನ್ನ ನಮ್ಮಷ್ಟು ಹತ್ತಿರದಿಂದ ನೋಡೋರು ಎಷ್ಟು ಜನ ಇದಾರೆ? ಉದಾರೀಕರಣ ಅಂದ್ರೆ ಪುಸ್ತಕದಲ್ಲಿ 1991 ಅಂತ ಒಂದು ಪ್ಯಾರಾ ಇರುತ್ತೆ, ನಮ್ಮಲ್ಲಿ ಅದಕ್ಕೆ ಬೇರೇನೇ ಕಥೆ ಇದೆ. 1942ರ ಕಾನೂನಿನ ಪ್ರಕಾರ ಬೆಳೆದ ಕಾಫಿ ಎಲ್ಲ ಕಾಫಿ ಬೋರ್ಡಿನ ಪೂಲಿಗೆ ಕೊಡ್ಬೇಕಿತ್ತು, ದುಡ್ಡು ಕಂತು ಕಂತಲ್ಲಿ ಬರೋದು, 90ರ ದಶಕದಲ್ಲಿ ಸ್ವಲ್ಪ ಸ್ವಲ್ಪವೇ ಸಡಿಲ ಮಾಡಿ 1996ರ ಹೊತ್ತಿಗೆ ಬೆಳೆಗಾರರೇ ಯಾರಿಗೆ ಬೇಕಾದ್ರೂ ಮಾರೋ ಹಾಗಾಯ್ತು. ಮನೇಲಿ ಅಜ್ಜನ ಹತ್ರ ಕೇಳಿ, ಪೂಲ್ ಕಾಲ ಒಳ್ಳೇದಾ ಈಗಿಂದು ಒಳ್ಳೇದಾ ಅಂತ, ಅವರು ಹೇಳೋದನ್ನ ಪುಸ್ತಕದ ಜೊತೆ ಇಟ್ಟು ನೋಡಿ. ಕಾಳುಮೆಣಸಿಂದೂ ಹಾಗೇ, ಕಮ್ಮಿ ರೇಟಿನ ಆಮದು ತಡೆಯೋಕೆ 2017ರ ಡಿಸೆಂಬರಲ್ಲಿ ಕೆಜಿಗೆ 500 ರೂಪಾಯಿ ಕನಿಷ್ಠ ಆಮದು ಬೆಲೆ ಅಂತ ಕೇಂದ್ರ ಸರ್ಕಾರ ಮಾಡಿತು, ಅಂತಾರಾಷ್ಟ್ರೀಯ ವ್ಯಾಪಾರದ ಪೇಪರಿಗೆ ಅದಕ್ಕಿಂತ ಒಳ್ಳೆ ಉದಾಹರಣೆ ಬೇಕಾ.

ಕಷ್ಟದ ಭಾಗಾನೂ ಹೇಳ್ಬೇಕು. ಲೆಕ್ಕ ಇದೆ. ಸಾದಾ ಬಿಎಲಿ ಎಕನಾಮಿಕ್ಸ್ ಒಂದು ಸಬ್ಜೆಕ್ಟಾಗಿ ತಗೊಂಡ್ರೆ ಗ್ರಾಫು, ಶೇಕಡ, ಸಣ್ಣ ಸಮೀಕರಣ ಇಷ್ಟರಲ್ಲಿ ನಡೆಯುತ್ತೆ. ಆನರ್ಸ್ (ಅದೊಂದೇ ಸಬ್ಜೆಕ್ಟನ್ನ ಆಳವಾಗಿ ಓದೋದು) ತಗೊಂಡ್ರೆ ಗಣಿತ ವಿಧಾನಗಳು ಅಂತಾನೇ ಬೇರೆ ಪೇಪರು, ಸಂಖ್ಯಾಶಾಸ್ತ್ರ ಬೇರೆ, ಡಿಫರೆನ್ಸಿಯೇಶನ್ ಎಲ್ಲ ಬರುತ್ತೆ. ಪಿಯುಸಿಲಿ ಆರ್ಟ್ಸ್ ಮಾಡಿ ಎಸ್ಸೆಸ್ಸೆಲ್ಸಿ ಆದ್ಮೇಲೆ ಲೆಕ್ಕ ಮುಟ್ಟೇ ಇಲ್ಲ ಅನ್ನೋರು ಆನರ್ಸಿಗೆ ಹೋಗೋ ಮುಂಚೆ ಎರಡು ಸಲ ಯೋಚನೆ ಮಾಡಿ, ಹೋಗ್ಲೇಬೇಡಿ ಅಂತ ನಾನು ಹೇಳಲ್ಲ, ಕೇಳೋಕೆ ಒಬ್ಬರು ಬೇಕು ಅಷ್ಟೇ. ಫೋನ್ ಮಾಡಿ "ಸರ್ ಇದು ಯಾಕೆ ಹೀಗೆ" ಅಂತ ಕೇಳೋಕೆ ಒಬ್ಬ ಲೆಕ್ಚರರ್ರೋ ಸೀನಿಯರ್ರೋ ಪಕ್ಕದ ಮನೆ ಬ್ಯಾಂಕ್ ಮ್ಯಾನೇಜರ್ರೋ. ಯಾರೂ ಇಲ್ದೆ ಒಬ್ಬರೇ ಡಿಸ್ಟೆನ್ಸಲ್ಲಿ ಆನರ್ಸ್ ಎಳೆಯೋದು ತುಂಬಾ ಕಷ್ಟ, ನಾನು ಕಣ್ಣಾರೆ ಕಂಡಿದೀನಿ ಬಿಟ್ಟೋರನ್ನ.

ಕಮ್ಯುನಿಕೇಶನ್ ಅಂದ್ರೆ

ಓದೋಕೆ ಸಲೀಸು. ನನ್ ಫ್ರೆಂಡಿನ ಪುಸ್ತಕಗಳನ್ನ ನಾನು ಬಸ್ಸಲ್ಲಿ ಕೂತು ಓದಿ ಮುಗಿಸ್ತಿದ್ದೆ, ನನ್ ಪುಸ್ತಕ ಅವಳು ಎರಡು ಪೇಜ್ ಓದಿ ಮುಚ್ಚಿಡ್ತಿದ್ಲು. 1948ರಲ್ಲಿ ಹೆರಾಲ್ಡ್ ಲ್ಯಾಸ್ವೆಲ್ ಅನ್ನೋರು ಹೇಳಿದ್ದು, ಯಾರು, ಏನನ್ನ, ಯಾವ ದಾರಿಲಿ, ಯಾರಿಗೆ ಹೇಳ್ತಾರೆ, ಅದರಿಂದ ಏನಾಗುತ್ತೆ, ಈ ಐದು ಪ್ರಶ್ನೆ ಇಟ್ಕೊಂಡ್ರೆ ಯಾವ ಸುದ್ದಿ ಬೇಕಾದ್ರೂ ಬಿಚ್ಚಿ ನೋಡ್ಬಹುದು. ಮೀಡಿಯಾ ನಿಮಗೆ ಏನು ಯೋಚನೆ ಮಾಡ್ಬೇಕು ಅಂತ ಹೇಳೋದಕ್ಕಿಂತ ಯಾವುದರ ಬಗ್ಗೆ ಯೋಚನೆ ಮಾಡ್ಬೇಕು ಅನ್ನೋದನ್ನ ಗೊತ್ತು ಮಾಡುತ್ತೆ ಅನ್ನೋ ಒಂದು ಥಿಯರಿ ಇದೆ, ಅಜೆಂಡಾ ಸೆಟ್ಟಿಂಗ್ ಅಂತ, 1968ರ ಅಮೆರಿಕಾ ಚುನಾವಣೆ ಟೈಮಲ್ಲಿ ಮೆಕೂಂಬ್ಸ್ ಮತ್ತು ಶಾ ಅನ್ನೋರು ಅಧ್ಯಯನ ಮಾಡಿದ್ದು. ಕನ್ನಡ ಪತ್ರಿಕೋದ್ಯಮದ ಚರಿತ್ರೆ ಓದೋವಾಗ 1843ರಲ್ಲಿ ಮಂಗಳೂರು ಸಮಾಚಾರ ಶುರು ಮಾಡಿದ ಹರ್ಮನ್ ಮೋಗ್ಲಿಂಗ್ ಬರ್ತಾರೆ, ಅವರು ಆಮೇಲೆ ನಮ್ಮ ಕೊಡಗಿಗೂ ಬಂದು ಕೆಲಸ ಮಾಡಿದೋರು ಅಂತ ತಿಳಿದಾಗ ಅವಳಿಗೆ ಎಷ್ಟು ಖುಷಿ ಆಗಿತ್ತು.

ಆದ್ರೆ ಓದೋಕೆ ಸಲೀಸು ಅನ್ನೋದೇ ಇದರಲ್ಲಿ ಮೋಸ ಹೋಗೋ ಜಾಗ. ಥಿಯರಿ ಓದಿ ಒಳ್ಳೆ ಮಾರ್ಕ್ಸ್ ತಗೊಂಡು ಒಂದು ನೆಟ್ಟಗಿರೋ ವರದಿ ಬರೆಯೋಕೆ ಬರದೆ ಡಿಗ್ರಿ ಮುಗಿಸ್ಬಹುದು. ರೆಗ್ಯುಲರ್ ಕಾಲೇಜಲ್ಲಿ ಲ್ಯಾಬ್ ಜರ್ನಲ್ ಅಂತ ವಿದ್ಯಾರ್ಥಿಗಳ ಕೈಲೇ ಪತ್ರಿಕೆ ಮಾಡಿಸ್ತಾರೆ, ಕ್ಯಾಮರಾ ಕೈಗೆ ಕೊಡ್ತಾರೆ, ನೀವು ಬರೆದ ವರದಿ ತಗೊಂಡು ಕೆಂಪು ಪೆನ್ನಲ್ಲಿ ಅರ್ಧ ಹೊಡೆದು ಹಾಕೋ ಮೇಷ್ಟ್ರಿರ್ತಾರೆ. ಡಿಸ್ಟೆನ್ಸಲ್ಲಿ ಆ ಕೆಂಪು ಪೆನ್ನು ಸಿಗಲ್ಲ, ಅದನ್ನ ನೀವೇ ಹುಡುಕ್ಕೊಬೇಕು. ನನ್ ಫ್ರೆಂಡ್ ಏನ್ ಮಾಡಿದ್ಲು ಅಂದ್ರೆ ಪ್ರತಿ ವಾರ ಒಂದು ಸಣ್ಣ ವರದಿ ಬರೀತಿದ್ಲು, ಸಂತೇಲಿ ಹಸಿಮೆಣಸಿನಕಾಯಿ ರೇಟು ಯಾಕೆ ಏರಿತು, ಊರಿಗೆ ಬರ್ತಿದ್ದ ಬಸ್ಸು ಯಾಕೆ ನಿಂತೋಯ್ತು, ಆನೆ ಬಂದು ಬೇಲಿ ಮುರಿದಿದ್ದಕ್ಕೆ ಪರಿಹಾರ ಬಂತಾ ಇಲ್ವಾ, ಬರೆದು ಒಬ್ಬ ಹಿರಿಯ ವರದಿಗಾರರಿಗೆ ಕೊಟ್ಟು ತಿದ್ದಿಸ್ಕೊಳ್ಳೋಳು. ಮೊದಮೊದಲು ಪೂರ್ತಿ ಕೆಂಪು, ಎರಡನೇ ವರ್ಷದ ಹೊತ್ತಿಗೆ ಅಲ್ಲೊಂದು ಇಲ್ಲೊಂದು. ಅವಳು ಕಲಿತಿದ್ದು ಅಲ್ಲಿ, ಪರೀಕ್ಷೆ ಹಾಲಲ್ಲಿ ಅಲ್ಲ.

ಇದಕ್ಕೆ ನಮ್ಮ ಜಿಲ್ಲೆ ಸಣ್ಣದು ಅನ್ನೋದು ಅಡ್ಡಿ ಅಲ್ಲ, ಒಳ್ಳೇದೇ. 1957ರಿಂದ ಮಡಿಕೇರಿಯಿಂದ ಬರ್ತಿರೋ ಶಕ್ತಿ ಪತ್ರಿಕೆ ಇದೆ, ಸ್ವಂತ ದಿನಪತ್ರಿಕೆನ ಇಷ್ಟು ವರ್ಷ ಓದ್ಕೊಂಡು ಬಂದಿರೋ ಸಣ್ಣ ಜಿಲ್ಲೆ ನಮ್ಮದು. ಮಡಿಕೇರಿ ಆಕಾಶವಾಣಿ 1993ರಿಂದ ಇದೆ. ಒಂದೇ ಊರಲ್ಲಿ ಕನ್ನಡ, ಕೊಡವ ತಕ್ಕ್, ಅರೆಭಾಷೆ, ತುಳು, ಮಲಯಾಳ, ಯರವ ಇಷ್ಟೆಲ್ಲ ಮಾತಾಡೋ ಜನ ಇದಾರೆ, ಒಂದೇ ವಿಷಯನ ಒಬ್ಬೊಬ್ಬರಿಗೆ ಹೇಗೆ ಮುಟ್ಟಿಸ್ಬೇಕು ಅನ್ನೋದು ಇಲ್ಲಿ ದಿನದ ಪ್ರಶ್ನೆ. 2018ರ ಆಗಸ್ಟಲ್ಲಿ ಗುಡ್ಡ ಕುಸಿದಾಗ ನೆನಪಿದೆಯಲ್ಲ, ಕರೆಂಟಿಲ್ಲ ಟವರಿಲ್ಲ, ಟವರ್ ಸಿಕ್ಕಿದ ಹತ್ತು ನಿಮಿಷದಲ್ಲಿ ವಾಟ್ಸಾಪಲ್ಲಿ ಯಾವ್ದು ನಿಜ ಯಾವ್ದು ಸುಳ್ಳು ಅಂತ ಗೊತ್ತಾಗ್ದೆ ನಮ್ಮ ಮನೇಲಿ ರಾತ್ರಿಯೆಲ್ಲ ಎದ್ದು ಕೂತಿದ್ವಿ. ನಂಬಿಕೆ ಇರೋ ಒಂದು ಸುದ್ದಿಗೆ ಎಷ್ಟು ಬೆಲೆ ಅಂತ ಆವತ್ತು ಗೊತ್ತಾಯ್ತು. ಯಾರಾದ್ರೂ ಕಮ್ಯುನಿಕೇಶನ್ನು ಟೈಂಪಾಸ್ ಸಬ್ಜೆಕ್ಟು ಅಂದ್ರೆ ನಂಗೆ ಸಿಟ್ಟೇ ಬರುತ್ತೆ.

ಎರಡೂ ಸೇರೋ ಜಾಗ

ನನಗೆ ಹೇಳೋಕೆ ಆಸೆ ಇರೋದು ಇದೇ. ಈ ಎರಡು ಸಬ್ಜೆಕ್ಟು ಬೇರೆ ಬೇರೆ ಅಂತ ಸೇರೋವಾಗ ಅನ್ಸುತ್ತೆ, ಓದ್ತಾ ಹೋದ್ರೆ ಒಂದಕ್ಕೊಂದು ಅಂಟಿಕೊಂಡಿದೆ. ನಮ್ಮ ಪಕ್ಕದ ಕಣ್ಣೂರು, ಅಂದ್ರೆ ಮಾಕುಟ್ಟ ಘಾಟಿ ಇಳಿದ್ರೆ ಸಿಗೋ ಜಿಲ್ಲೆ, ಅದು ಮತ್ತೆ ಕಾಸರಗೋಡು, ಕೋಯಿಕ್ಕೋಡ್, ಈ ಮೂರು ಕಡೆ 1997ರಿಂದ 2001ರ ಒಳಗೆ ಮೊಬೈಲ್ ಬಂತು. ಅದಕ್ಕೆ ಮುಂಚೆ ಮೀನು ಹಿಡಿದೋರು ಯಾವ ದಡಕ್ಕೆ ಹೋದ್ರೆ ಒಳ್ಳೆ ರೇಟು ಅಂತ ಗೊತ್ತಿಲ್ದೆ ತಮ್ಮೂರಿಗೇ ಬರ್ತಿದ್ರು, ಒಂದು ಕಡೆ ಬೂತಾಯಿ ಕೊಳ್ಳೋರಿಲ್ದೆ ಸಮುದ್ರಕ್ಕೆ ಚೆಲ್ಲೋದು, ಹತ್ತು ಹದಿನೈದು ಕಿಲೋಮೀಟರ್ ಆಚೆ ಮೀನೇ ಇಲ್ದೆ ಜನ ಬರಿಗೈಲಿ ಹೋಗೋದು. ಮೊಬೈಲ್ ಬಂದ್ಮೇಲೆ ದೋಣಿಯಿಂದಲೇ ಫೋನ್ ಮಾಡಿ ರೇಟು ಕೇಳಿ ಹೋಗೋಕೆ ಶುರು ಮಾಡಿದ್ರು. ರಾಬರ್ಟ್ ಜೆನ್ಸೆನ್ ಅನ್ನೋ ಅರ್ಥಶಾಸ್ತ್ರಜ್ಞ 2007ರಲ್ಲಿ ಇದನ್ನ ಲೆಕ್ಕ ಹಾಕಿ ಬರೆದ್ರು, ಮೀನುಗಾರರ ಲಾಭ ಶೇ 8ರಷ್ಟು ಏರಿತ್ತು, ಕೊಳ್ಳೋರಿಗೆ ಬೆಲೆ ಶೇ 4ರಷ್ಟು ಇಳಿದಿತ್ತು, ಚೆಲ್ಲೋದು ಹೆಚ್ಚುಕಮ್ಮಿ ನಿಂತೇಹೋಯ್ತು. ಒಂದು ಫೋನ್ ಕಾಲು ಕಮ್ಯುನಿಕೇಶನ್ನು, ಆಗಿದ್ದೆಲ್ಲ ಎಕನಾಮಿಕ್ಸು.

ನಮ್ಮಲ್ಲೂ ಇದೇ ನಡೀತಿದೆ. ಸಣ್ಣ ಬೆಳೆಗಾರ ಚೆರಿ ಕಾಫಿ (ಸಿಪ್ಪೆ ಸಮೇತ ಒಣಗಿಸಿದ್ದು) ಮಾರೋಕೆ ಹೋದಾಗ ಓಟಿ (ಔಟ್‌ಟರ್ನ್, ಸಿಪ್ಪೆ ತೆಗೆದ್ಮೇಲೆ ಸಿಗೋ ಬೀಜ) ಎಷ್ಟು, ತೇವ ಎಷ್ಟು ಅಂತ ವ್ಯಾಪಾರಿಗೆ ಗೊತ್ತಿರುತ್ತೆ, ಮಾರೋನಿಗೆ ಸರಿಯಾಗಿ ಗೊತ್ತಿರಲ್ಲ, 50 ಕೆಜಿ ಚೀಲಕ್ಕೆ ನೂರಿನ್ನೂರು ಅಲ್ಲೇ ಹೋಗುತ್ತೆ. ಒಬ್ಬನಿಗೆ ಗೊತ್ತು ಇನ್ನೊಬ್ಬನಿಗೆ ಗೊತ್ತಿಲ್ಲ ಅನ್ನೋ ಇದೇ ವಿಷಯದ ಮೇಲೆ ಜಾರ್ಜ್ ಅಕರ್ಲಾಫ್ ಅನ್ನೋ ಅರ್ಥಶಾಸ್ತ್ರಜ್ಞ 1970ರಲ್ಲಿ ಹಳೇ ಕಾರಿನ ಮಾರ್ಕೆಟ್ ಉದಾಹರಣೆ ಇಟ್ಕೊಂಡು ಬರೆದಿದ್ದು, 2001ರಲ್ಲಿ ನೊಬೆಲ್ ಬಂದಿದ್ದು. ಅಮರ್ತ್ಯ ಸೇನ್ ಹೇಳಿರೋದಂತೂ ಇನ್ನೂ ದೊಡ್ಡದು, ಪತ್ರಿಕೆಗಳಿಗೆ ಸ್ವಾತಂತ್ರ್ಯ ಇರೋ, ಪ್ರಜಾಪ್ರಭುತ್ವ ಸರಿಯಾಗಿ ನಡೀತಿರೋ ದೇಶದಲ್ಲಿ ದೊಡ್ಡ ಕ್ಷಾಮ ಆಗಲ್ಲ ಅಂತ. ಅಂದ್ರೆ ಸುದ್ದಿ ಹೊರಗೆ ಬಂದ್ರೆ ಊಟ ಒಳಗೆ ಬರುತ್ತೆ. ಇದನ್ನ ಮೊದಲ ಸಲ ಓದಿದ ರಾತ್ರಿ ಹನ್ನೊಂದು ಗಂಟೆಗೆ ಫ್ರೆಂಡಿಗೆ ಫೋನ್ ಮಾಡಿ ಎಬ್ಬಿಸಿದ್ದೆ.

ಹಾಗಾಗಿ ನೀವು ಸೇರೋ ಯುನಿವರ್ಸಿಟಿಲಿ ಆ ವರ್ಷದ ಕಾಂಬಿನೇಶನ್ ಪಟ್ಟೀಲಿ ಎರಡೂ ಒಟ್ಟಿಗೆ ಸಿಗೋ ಹಾಗಿದ್ರೆ ಯೋಚನೆ ಮಾಡ್ದೆ ಎರಡೂ ತಗೊಳ್ಳಿ. ಸಿಗ್ಲಿಲ್ಲ ಅಂದ್ರೆ ಮುಂದಿನದು ಓದಿ.

ಒಂದೇ ತಗೊಳ್ಬೇಕು ಅಂದ್ರೆ

ನಾನು ಎಕನಾಮಿಕ್ಸ್ ಅಂತೀನಿ, ಹೆಚ್ಚಿನೋರಿಗೆ. ಕಾರಣ ಮಾರ್ಕ್ಸೂ ಅಲ್ಲ ಮರ್ಯಾದೆನೂ ಅಲ್ಲ, ಬಾಗಿಲ ಲೆಕ್ಕ. ಎಂಎ ಜರ್ನಲಿಸಂಗೋ ಪಿಜಿ ಡಿಪ್ಲೊಮಾಗೋ ಸಾಮಾನ್ಯವಾಗಿ ಯಾವ ಡಿಗ್ರಿ ಆಗಿದ್ರೂ ಸೇರಿಸ್ಕೊಳ್ತಾರೆ. ಎಂಎ ಎಕನಾಮಿಕ್ಸಿಗೆ ಹಾಗಲ್ಲ, ಹೆಚ್ಚಿನ ಕಡೆ ಡಿಗ್ರೀಲಿ ಎಕನಾಮಿಕ್ಸ್ ಓದಿರ್ಬೇಕು ಅಂತ ಕೇಳ್ತಾರೆ. ಇಂಡಿಯನ್ ಎಕನಾಮಿಕ್ ಸರ್ವೀಸ್ ಬರೀಬೇಕು ಅಂದ್ರೆ ಎಕನಾಮಿಕ್ಸಲ್ಲಿ ಪಿಜಿ ಬೇಕೇ ಬೇಕು. ಅಂದ್ರೆ ಬಿಎಲಿ ಎಕನಾಮಿಕ್ಸ್ ತಗೊಂಡೋರು ಆಮೇಲೆ ಮೀಡಿಯಾ ಕಡೆ ತಿರುಗಬಹುದು, ಬಿಎಲಿ ಕಮ್ಯುನಿಕೇಶನ್ ಮಾತ್ರ ಓದಿದೋರು ಆಮೇಲೆ ಎಕನಾಮಿಕ್ಸ್ ಕಡೆ ತಿರುಗೋದು ಕಷ್ಟ. ಬರವಣಿಗೆ ಹೊರಗಡೆನೂ ಕಲೀಬಹುದು, ತಿದ್ದೋರೊಬ್ಬರು ಸಿಕ್ಕಿದ್ರೆ. ಎಕನಾಮಿಕ್ಸ್ ಹೊರಗಡೆ ಕಲಿಯೋಕೆ ಪರೀಕ್ಷೆ ಅನ್ನೋ ಒಂದು ಒತ್ತಡ ಇಲ್ದೆ ತುಂಬಾ ಜನಕ್ಕೆ ಆಗಲ್ಲ. ಕೆಎಎಸ್, ಎಫ್‌ಡಿಎ, ಪಿಡಿಒ, ಬ್ಯಾಂಕ್ ಪರೀಕ್ಷೆ ಅಂತ ತಲೇಲಿ ಇರೋರಿಗಂತೂ ಡಿಗ್ರಿ ಯಾವುದಾದ್ರೂ ಆಗುತ್ತೆ, ಆದ್ರೆ ಹಣದುಬ್ಬರ, ಬಜೆಟ್, ರೆಪೋ ದರ ಇವನ್ನೆಲ್ಲ ಹೊಸದಾಗಿ ಓದೋ ಕಷ್ಟ ತಪ್ಪುತ್ತೆ.

ಈ ಮಾತು ಹೊಂದದ ಜನನೂ ಇದಾರೆ. ಈಗಾಗ್ಲೇ ಯಾವುದೋ ಪತ್ರಿಕೆಗೆ ಸುದ್ದಿ ಕಳಿಸ್ತಿರೋರು, ಲೋಕಲ್ ಚಾನೆಲಲ್ಲಿ ಕ್ಯಾಮರಾ ಹಿಡಿದಿರೋರು, ಹೋಂಸ್ಟೇಗೋ ಎನ್‌ಜಿಒಗೋ ಬರೆದುಕೊಡೋ ಕೆಲಸದಲ್ಲಿರೋರು, ಇವರಿಗೆ ಕಮ್ಯುನಿಕೇಶನ್ನೇ ಸರಿ, ಕೈಲಿರೋ ಕೆಲಸನೇ ಪ್ರಾಕ್ಟಿಕಲ್ ಆಗುತ್ತೆ, ಪುಸ್ತಕದಲ್ಲಿ ಓದಿದ್ದನ್ನ ಮಾರನೇ ದಿನ ಮಾಡಿ ನೋಡ್ಬಹುದು. ಮಾತಾಡೋಕೆ ಜನರ ಹತ್ರ ಹೋಗೋಕೆ ಇಷ್ಟ, ಲೆಕ್ಕ ಕಂಡ್ರೆ ನಿಜವಾಗ್ಲೂ ಹೊಟ್ಟೆ ತೊಳೆಸುತ್ತೆ ಅನ್ನೋರಿಗೂ ಅದೇ. ಬಲವಂತಕ್ಕೆ ಎಕನಾಮಿಕ್ಸ್ ತಗೊಂಡು ಎರಡನೇ ವರ್ಷ ಬಿಟ್ಟುಬಿಡೋದಕ್ಕಿಂತ ಇಷ್ಟಪಟ್ಟು ಮೂರು ವರ್ಷ ಓದಿ ಮುಗಿಸೋದು ಎಷ್ಟೋ ಮೇಲು. ಬಿಎಡ್ ಮಾಡಿ ಮೇಷ್ಟ್ರಾಗೋ ಆಸೆ ಇದ್ರೆ ಮಾತ್ರ ಶಾಲೇಲಿ ಹೇಳಿಕೊಡೋ ಸಬ್ಜೆಕ್ಟು ಡಿಗ್ರೀಲಿ ಇರ್ಬೇಕು ಅನ್ನೋದನ್ನ ಮರೀಬೇಡಿ, ಅಲ್ಲಿ ಎಕನಾಮಿಕ್ಸ್ ಲೆಕ್ಕಕ್ಕೆ ಬರುತ್ತೆ.

ಮೈಸೂರಾ ಇಗ್ನೋನಾ

ಭಾಷೆ ಮೇಲೆ ಹೋಗಿ. ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ 1996ರಲ್ಲಿ ಶುರುವಾಗಿದ್ದು, ಅಲ್ಲಿ ಬಿಎ ಕನ್ನಡದಲ್ಲಿ ಬರೀಬಹುದು. ಇಗ್ನೋ 1985ರದ್ದು, ಅಲ್ಲಿ ಬಿಎ ಮುಖ್ಯವಾಗಿ ಇಂಗ್ಲಿಷು ಹಿಂದಿ. ಇಗ್ನೋದಲ್ಲಿ ಎಕನಾಮಿಕ್ಸಿಗೆ ಆನರ್ಸ್ ಬೇರೆ, ಜರ್ನಲಿಸಂ ಮತ್ತು ಡಿಜಿಟಲ್ ಮೀಡಿಯಾಗೆ ಬಿಎ ಬೇರೆ ಇದೆ, ಅಂದ್ರೆ ಅಲ್ಲಿ ಆಯ್ಕೆ ಶುರುವಲ್ಲೇ ಕವಲೊಡೆಯುತ್ತೆ. ಕನ್ನಡ ಮೀಡಿಯಂನೋರು ಎಕನಾಮಿಕ್ಸನ್ನ ಕನ್ನಡದಲ್ಲೇ ಓದಿ, ಆದ್ರೆ ಪದಗಳನ್ನ ಎರಡೂ ಭಾಷೇಲಿ ಒಂದು ನೋಟ್‌ಬುಕ್ಕಲ್ಲಿ ಬರ್ಕೊಳ್ಳಿ, ತುಷ್ಟಿಗುಣ ಅಂದ್ರೆ ಯುಟಿಲಿಟಿ, ಔದಾಸೀನ್ಯ ವಕ್ರರೇಖೆ ಅಂದ್ರೆ ಇಂಡಿಫರೆನ್ಸ್ ಕರ್ವ್, ಹೀಗೆ. ನಾನು ಆ ನೋಟ್‌ಬುಕ್ ಎರಡನೇ ವರ್ಷ ಶುರು ಮಾಡಿದ್ದು, ಮೊದಲೇ ಮಾಡಿದ್ರೆ ಒಂದು ಪೇಪರ್ ಹೋಗ್ತಿರಲಿಲ್ಲ. ಎಲ್ಲಿ ಸೇರಿದ್ರೂ ಇಗ್ನೋದ ಇ-ಜ್ಞಾನಕೋಶ ಅನ್ನೋ ವೆಬ್‌ಸೈಟಲ್ಲಿ ಪಾಠದ ಪುಸ್ತಕಗಳು ಫ್ರೀಯಾಗಿ ಸಿಗುತ್ತೆ, ಡೌನ್‌ಲೋಡ್ ಮಾಡಿ ಇಟ್ಕೊಳ್ಳಿ, ಮಳೇಲಿ ನೆಟ್ ಇಲ್ದಾಗ ಬೇಕಾಗುತ್ತೆ.

ದುಡ್ಡು ಕಟ್ಟೋ ಮುಂಚೆ ಯುಜಿಸಿಯ ಡಿಸ್ಟೆನ್ಸ್ ಎಜುಕೇಶನ್ ಬ್ಯೂರೋ ವೆಬ್‌ಸೈಟಲ್ಲಿ ಆ ಯುನಿವರ್ಸಿಟಿ, ಆ ಕೋರ್ಸು, ಆ ವರ್ಷಕ್ಕೆ ಮಾನ್ಯತೆ ಇದೆಯಾ ಅಂತ ನೀವೇ ಕಣ್ಣಾರೆ ನೋಡಿ. ಮೂರೂ ನೋಡ್ಬೇಕು. ಮೈಸೂರಿನ ಮುಕ್ತ ವಿವಿಗೇ 2013-14ರಿಂದ ಮಾನ್ಯತೆ ಇಲ್ದೆ 2018ರಲ್ಲಿ ವಾಪಸ್ ಸಿಕ್ಕಿದ್ದು, ಆ ನಡುವಿನ ವಿದ್ಯಾರ್ಥಿಗಳು ಪಟ್ಟ ಪಾಡು ಎಲ್ಲರಿಗೂ ಗೊತ್ತು. ಮಾನ್ಯತೆ ಇದ್ರೆ ಡಿಸ್ಟೆನ್ಸ್ ಡಿಗ್ರಿ ರೆಗ್ಯುಲರ್ ಡಿಗ್ರಿಗೆ ಸಮ ಅಂತ ಯುಜಿಸಿ 2022ರಲ್ಲಿ ಸ್ಪಷ್ಟವಾಗಿ ಹೇಳಿದೆ, ಆ ಬಗ್ಗೆ ಹೆದರಿಕೆ ಬೇಡ. 2024ರಿಂದ ಸೇರೋಕೆ ಡಿಇಬಿ ಐಡಿ (ಅದೇ ಡಿಸ್ಟೆನ್ಸ್ ಎಜುಕೇಶನ್ ಬ್ಯೂರೋದ ನಂಬರು) ಬೇಕು, ಅದನ್ನ ಮಾಡ್ಕೊಳ್ಳೋಕೆ ಮೊದ್ಲು ಎಬಿಸಿ ಐಡಿ (ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್, ನಿಮ್ಮ ಕ್ರೆಡಿಟ್ ಇಡೋ ಖಾತೆ) ಬೇಕು, ಆಧಾರಲ್ಲಿ ಇರೋ ಹೆಸರೂ ಮಾರ್ಕ್ಸ್ ಕಾರ್ಡಲ್ಲಿ ಇರೋ ಹೆಸರೂ ಒಂದೇ ಇದೆಯಾ ನೋಡ್ಕೊಳ್ಳಿ. ನಮ್ಮ ಕಡೆ ಇನಿಶಿಯಲ್ಲು, ಮನೆತನದ ಹೆಸರು ಒಂದರಲ್ಲಿ ಮುಂದೆ ಒಂದರಲ್ಲಿ ಹಿಂದೆ ಇರುತ್ತಲ್ಲ, ಅದನ್ನ ಮೊದಲೇ ಸರಿ ಮಾಡಿಸ್ಕೊಳ್ಳಿ.

ಪರೀಕ್ಷೆ ತಿಂಗಳು

ಇಗ್ನೋ ಪರೀಕ್ಷೆ ಜೂನ್ ಮತ್ತು ಡಿಸೆಂಬರ್. ಕೊಡಗಿನೋರಿಗೆ ಇದಕ್ಕಿಂತ ಕಷ್ಟದ ಎರಡು ತಿಂಗಳು ಹುಡುಕಿದ್ರೂ ಸಿಗಲ್ಲ. ಜೂನಲ್ಲಿ ಮಳೆ, ನಾನು ಒಂದು ಸಲ ರಸ್ತೆಗೆ ಮರ ಬಿದ್ದು ಬಸ್ಸು ಎರಡು ಗಂಟೆ ನಿಂತು ಪರೀಕ್ಷೆ ತಪ್ಪಿಸ್ಕೊಂಡೆ. ಡಿಸೆಂಬರಲ್ಲಿ ಕಾಫಿ ಕೊಯ್ಲು, ಅರೇಬಿಕಾ ಮುಗೀತಾ ಇರುತ್ತೆ ರೋಬಸ್ಟಾ ಶುರು ಆಗ್ತಿರುತ್ತೆ, ಕಣದಲ್ಲಿ ಕಾಫಿ ಇಟ್ಕೊಂಡು ಪುಸ್ತಕ ಹಿಡಿದು ಕೂರೋದು ಹೇಗೆ ಅಂತ ತೋಟ ಇರೋರಿಗೂ ಗೊತ್ತು, ತೋಟದ ಕೂಲಿಯೋರ ಲೈನ್‌ಮನೇಲಿ ಇರೋರಿಗೂ ಗೊತ್ತು, ಕೊಯ್ಲಿನ ಒಂದು ದಿನ ಬಿಟ್ರೆ ಕೂಲಿ ಹೋಯ್ತು. ಅವಕಾಶ ವೆಚ್ಚ (ಒಂದನ್ನ ಆರಿಸ್ಕೊಂಡಾಗ ಕೈಬಿಡೋ ಇನ್ನೊಂದರ ಬೆಲೆ) ಅನ್ನೋ ಚಾಪ್ಟರ್ ನನಗೆ ಅರ್ಥ ಆಗಿದ್ದೇ ಆ ಡಿಸೆಂಬರಲ್ಲಿ. ಅದಕ್ಕೆ ಎಕನಾಮಿಕ್ಸಿನ ಲೆಕ್ಕದ ಪೇಪರುಗಳನ್ನ ಜೂನಿಗೆ ಇಟ್ಕೊಳ್ಳಿ, ಫೆಬ್ರವರಿ ಕೊನೆಯಿಂದ ಮೇ ತನಕ ಕೂತು ಓದೋಕೆ ಟೈಮ್ ಇರುತ್ತೆ, ಪರೀಕ್ಷೆಗೆ ಹಿಂದಿನ ದಿನವೇ ಹೋಗಿ ನೆಂಟರ ಮನೇಲಿ ಉಳ್ಕೊಳ್ಳಿ. ಕಮ್ಯುನಿಕೇಶನ್ ಪೇಪರುಗಳು ಡಿಸೆಂಬರಲ್ಲಿ ಬರೆದ್ರೂ ನಡೆಯುತ್ತೆ, ಸಂಜೆ ಒಂದೊಂದು ಯುನಿಟ್ ಓದಿದ್ರೂ ತಲೆಗೆ ಹೋಗುತ್ತೆ. ಅಸೈನ್‌ಮೆಂಟಿಗೆ ಶೇ 30, ಪರೀಕ್ಷೆಗೆ ಶೇ 70, ಅಸೈನ್‌ಮೆಂಟನ್ನ ಆಗಸ್ಟಿನ ಮಳೆಗಾಲದಲ್ಲೇ ಬರೆದು ಮುಗಿಸಿ, ಕೊಯ್ಲಿಗೆ ಸೇರಿಸ್ಬೇಡಿ.

ಚಿಕ್ಕಮ್ಮನ ಮಗಳಿಗೆ ನಾನು ಇಷ್ಟೆಲ್ಲ ಬರೆದು ಕೊನೇಲಿ ಒಂದು ಕೆಲಸ ಹೇಳಿದೆ. ಇ-ಜ್ಞಾನಕೋಶದಿಂದ ಮೈಕ್ರೋ ಎಕನಾಮಿಕ್ಸಿನ ಮೊದಲ ಯುನಿಟ್ ಒಂದು, ಜರ್ನಲಿಸಂದು ಮೊದಲ ಯುನಿಟ್ ಒಂದು ಫೋನಿಗೆ ಇಳಿಸ್ಕೋ, ಒಂದೊಂದಕ್ಕೆ ಮೂರು ಮೂರು ದಿನ ಕೊಡು, ಅಂಗಡಿಯಿಂದ ಬಂದು ಸುಸ್ತಾಗಿರೋವಾಗ್ಲೇ ಓದು, ರಜೆ ದಿನ ಓದ್ಬೇಡ. ಯಾವ್ದು ಓದೋವಾಗ ನಿಂಗೇ ಪ್ರಶ್ನೆ ಹುಟ್ಟುತ್ತೋ ಅದನ್ನ ನಂಗೆ ಹೇಳು ಅಂತ. ನಿನ್ನೆ ಮೆಸೇಜ್ ಮಾಡಿದ್ಲು, "ಅಕ್ಕ, ನಮ್ಮ ಅಂಗಡೀಲಿ ಎಣ್ಣೆ ರೇಟು ಏರಿದ್ರೂ ಜನ ಅಷ್ಟೇ ತಗೊಳ್ತಾರೆ, ಬಿಸ್ಕೆಟ್ ರೇಟು ಎರಡು ರೂಪಾಯಿ ಏರಿದ್ರೆ ಬೇರೆ ಕಂಪನಿದು ಕೇಳ್ತಾರೆ, ಇದು ಆ ಸ್ಥಿತಿಸ್ಥಾಪಕತ್ವನಾ?" ಅಂತ. ಹೌದು ಕಣೇ ಅದೇ ಅಂದೆ. ಸೋಮವಾರ ಎಬಿಸಿ ಐಡಿ ಮಾಡಿಸೋಕೆ ಹೋಗ್ತಿದಾಳೆ.